ಕಲ್ಲಿಗೂ ಒಂದು ಊರಿರಲಿ

ಪಂಚಾಯತನ ಪೂಜೆ ನಡೆಯುವ ಮನೆಗಳಲ್ಲಿ ದೇವರ ಸಂಪುಟ ತೆರೆದರೆ ಐದು ಕಲ್ಲುಗಳು ಕಾಣುತ್ತವೆ. ವಿಷ್ಣುವಿಗೆ ನೇಪಾಳದ ಗಂಡಕಿಯ ಸಾಲಿಗ್ರಾಮ, ಶಿವನಿಗೆ ನರ್ಮದೆಯ ಬಾಣಲಿಂಗ, ಗಣಪತಿಗೆ ಶೋಣಾ ನದಿಯ ಕೆಂಪು ಕಲ್ಲು, ಅಂಬಿಕೆಗೆ ಸ್ವರ್ಣಮುಖಿಯ ಕಲ್ಲು, ಸೂರ್ಯನಿಗೆ ತಂಜಾವೂರಿನ ಹತ್ತಿರದ ವಲ್ಲಂನ ಸ್ಫಟಿಕ. ಇವುಗಳಲ್ಲಿ ಒಂದೂ ಸಾಣೆ ಹಿಡಿದ ರತ್ನವಲ್ಲ. ಆದರೆ ಐದಕ್ಕೂ ಒಂದೊಂದು ನದಿಯೋ ಊರೋ ಇದೆ. ಈ ಕ್ರಮ ಕಟ್ಟಿಕೊಟ್ಟ ಹಿರಿಯರು ಕಲ್ಲು ಯಾವುದೆಂದು ಹೇಳಿ ಸುಮ್ಮನಾಗಲಿಲ್ಲ, ಎಲ್ಲಿಯದೆಂದೂ ಹೇಳಿದರು. ಇವತ್ತು ಮಂಗಳೂರಿನ ಎಷ್ಟೋ ಮನೆಗಳ ಷೋಕೇಸಿಗೆ ನೇರಳೆ ಹರಳಿನ ಗುಹೆಯಂಥ ಜಿಯೋಡ್‌ಗಳು, ಗುಲಾಬಿ ಬಣ್ಣದ ಸ್ಫಟಿಕದ ಹೃದಯಗಳು, ಬಣ್ಣಬಣ್ಣದ ಅಗೇಟ್ ಬಿಲ್ಲೆಗಳು ಆನ್‌ಲೈನ್‌ನಿಂದಲೂ ಉಡುಗೊರೆ ಅಂಗಡಿಗಳಿಂದಲೂ ಬಂದು ಕೂರುತ್ತಿವೆ. ನೋಡಲು ಚೆಂದ, ಸಂಶಯವಿಲ್ಲ. ಆದರೆ ಹೆಚ್ಚಿನವಕ್ಕೆ ಊರಿಲ್ಲ. ಕಲ್ಲು ಕೂಡಿಡುವ ಹವ್ಯಾಸಕ್ಕೆ ಇಳಿಯಬೇಕೆಂದಿರುವವರಿಗೆ ಈ ಲೇಖನ ಹೇಳಬಯಸುವುದು ಇಷ್ಟನ್ನೇ: ಹೊಳಪನ್ನು ಕೂಡಿಡಬೇಡಿ, ವಿಳಾಸವಿರುವ ಕಲ್ಲನ್ನು ಕೂಡಿಡಿ. ಅದನ್ನು ನಿಮ್ಮ ಮನೆಯ ಹಿತ್ತಿಲಿನಿಂದಲೇ ಶುರುಮಾಡಿ.

ಹರಳು ಯಾಕೆ ಸೆಳೆಯುತ್ತದೆ ಎಂಬುದನ್ನು ಮೊದಲು ನೋಡಬೇಕು, ಆ ಸೆಳೆತ ಸಣ್ಣದಲ್ಲ. ಯಾರೂ ಕೆತ್ತದೆ, ಯಾರೂ ಉಜ್ಜದೆ, ನೆಲದೊಳಗಿನ ಕತ್ತಲಲ್ಲಿ ತಾನಾಗಿಯೇ ಆರು ಮುಖದ ಕಂಬವೊಂದು ಬೆಳೆದು ನಿಲ್ಲುತ್ತದೆ. ಡೆನ್ಮಾರ್ಕಿನ ನಿಕೋಲಸ್ ಸ್ಟೆನೊ 1669ರಲ್ಲೇ ಇದರ ಗುಟ್ಟಿನ ಒಂದು ತುದಿ ಹಿಡಿದಿದ್ದ. ಸ್ಫಟಿಕದ ಹರಳು ಸಾಸಿವೆಯಷ್ಟಿರಲಿ, ಒನಕೆಯಷ್ಟಿರಲಿ, ಕಂಬದ ಅಕ್ಕಪಕ್ಕದ ಮುಖಗಳ ನಡುವಿನ ಕೋನ ಬದಲಾಗುವುದಿಲ್ಲ. ಅದು 120 ಡಿಗ್ರಿಯೇ. ಒಳಗೆ ಪರಮಾಣುಗಳು ಕೂತ ಕ್ರಮವೇ ಹೊರಗೆ ಆಕಾರವಾಗಿ ಕಾಣುತ್ತದೆ ಎಂಬುದು ಆಮೇಲೆ ತಿಳಿದ ಸಂಗತಿ. ಜಿಯೋಡ್‌ನ ಕತೆಯೂ ಅಷ್ಟೇ ಸೊಗಸು. ಹರಿದ ಲಾವಾರಸ ಆರುವಾಗ ಅದರೊಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆ ಟೊಳ್ಳಾಗಿ ಉಳಿಯುತ್ತದೆ. ಸಿಲಿಕಾ ಕರಗಿದ ನೀರು ಸಾವಿರಾರು ವರ್ಷ ಆ ಟೊಳ್ಳಿಗೆ ಜಿನುಗುತ್ತದೆ. ಮೊದಲು ಗೋಡೆಗೆ ಅಗೇಟಿನ ತೆಳುವಾದ ಪದರಗಳು ಅಂಟಿಕೊಳ್ಳುತ್ತವೆ, ಆಮೇಲೆ ಹರಳುಗಳು ಒಳಮುಖವಾಗಿ, ಖಾಲಿ ಜಾಗದ ಕಡೆಗೆ ಬೆಳೆಯುತ್ತವೆ. ಅವುಗಳಲ್ಲಿ ಚೂರು ಕಬ್ಬಿಣ ಸೇರಿ, ಸುತ್ತಲ ಬಂಡೆಯ ಸಹಜ ವಿಕಿರಣ ತಾಗಿದರೆ ನೇರಳೆ ಬಣ್ಣ, ಅದೇ ಅಮೆಥಿಸ್ಟ್. ಅಂದರೆ ಕೈಯಲ್ಲಿರುವುದು ಬರೀ ಬಣ್ಣದ ವಸ್ತುವಲ್ಲ, ಒಂದು ಘಟನೆಯ ದಾಖಲೆ. ದಾಖಲೆಯೆಂದ ಮೇಲೆ ಅದು ಎಲ್ಲಿ ನಡೆದದ್ದು ಎಂದು ಕೇಳಲೇಬೇಕಾಗುತ್ತದೆ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಕಲ್ಲು ಏನೆಲ್ಲ ಹೇಳುತ್ತದೆ ಎಂಬುದಕ್ಕೆ ಸಾಲಿಗ್ರಾಮವೇ ಸಾಕ್ಷಿ. ಅದರೊಳಗಿನ ಚಕ್ರ ಅಮೊನೈಟ್ ಎಂಬ ಕಡಲ ಜೀವಿಯ ಚಿಪ್ಪಿನ ಗುರುತು, ಸುಮಾರು 15 ಕೋಟಿ ವರ್ಷ ಹಳೆಯದು. ಸಮುದ್ರದ ಜೀವಿಯ ಗುರುತಿರುವ ಕಲ್ಲು ಸಮುದ್ರತೀರದಲ್ಲಿ ಸಿಕ್ಕಿದ್ದರೆ ಅದರಲ್ಲಿ ಅಚ್ಚರಿಯೇನೂ ಇರುತ್ತಿರಲಿಲ್ಲ. ಹಿಮಾಲಯದಿಂದ ಇಳಿದುಬರುವ ಗಂಡಕಿಯಲ್ಲಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ, ಇವತ್ತಿನ ಶಿಖರಗಳು ಒಂದು ಕಾಲದ ಕಡಲತಳ ಎಂಬುದಕ್ಕೆ ಅದು ಪುರಾವೆಯಾಗುತ್ತದೆ. ನಮ್ಮ ಕಣ್ಣೆದುರೇ ಇರುವ ಇನ್ನೊಂದು ಉದಾಹರಣೆ ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪ. ಅಲ್ಲಿ ಸಾಲಾಗಿ ನಿಂತ ಬಹುಭುಜದ ಕಲ್ಲುಕಂಬಗಳು ಹರಳುಗಳಲ್ಲ. ಲಾವಾ ಆರುತ್ತ ಕುಗ್ಗುವಾಗ ಬಿರಿದು ಮೂಡಿದವು. ಆ ಶಿಲೆಯ ಒಂದು ಚೂರನ್ನು ಹೆಸರಿಲ್ಲದೆ ಪೆಟ್ಟಿಗೆಗೆ ಹಾಕಿದರೆ ಅದು ಬರೀ ಬೂದುಬಣ್ಣದ ಕಲ್ಲು, ಯಾರೂ ಎರಡನೇ ಸಲ ನೋಡುವುದಿಲ್ಲ. ಆದರೆ ಅದು ಮಲ್ಪೆಯದು, ಅದರ ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ ಎಂದು ಗೊತ್ತಾದಾಗ, ಮಡಗಾಸ್ಕರ್ ದ್ವೀಪದ ಅದೇ ಕಾಲದ ಅಗ್ನಿಶಿಲೆಗಳ ಜತೆ ಹೋಲಿಸಿ, ಭಾರತದ ಪಶ್ಚಿಮ ಕರಾವಳಿ ಮತ್ತು ಮಡಗಾಸ್ಕರ್ ಬೇರೆಯಾದ ಹೊತ್ತನ್ನು ಲೆಕ್ಕ ಹಾಕಲು ಸಾಧ್ಯವಾಯಿತು. ಪೇಟೆಯಲ್ಲಿ ಸಿಗುವ ಗುಲಾಬಿ ಸ್ಫಟಿಕದಲ್ಲಿ ಎಷ್ಟೋ ಬರುವುದು ಅದೇ ಮಡಗಾಸ್ಕರಿನಿಂದ. ನಮ್ಮ ಕರಾವಳಿಗೆ ಒಂದು ಕಾಲಕ್ಕೆ ನೆರೆಯಾಗಿದ್ದ ನೆಲದ ಕಲ್ಲು ಕೈಯಲ್ಲಿದ್ದರೂ, ಚೀಟಿಯಿಲ್ಲದ್ದರಿಂದ ಕೊಂಡವರಿಗೆ ಈ ಸಂಬಂಧ ತಿಳಿಯುವುದೇ ಇಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಮಂಗಳೂರಿನಲ್ಲಿ ಕೂಡಿಡಲು ಏನಿದೆ? ಅಮೆಥಿಸ್ಟ್ ಇಲ್ಲ, ಜಿಯೋಡ್ ಇಲ್ಲ, ಎಲ್ಲಿ ಅಗೆದರೂ ಮುರಕಲ್ಲು. ಮಾತು ಅರ್ಧ ನಿಜ. ಜಿಯೋಡ್‌ಗೆ ಬೇಕಾದ ಲಾವಾಶಿಲೆ ದಖನ್ನಿನ ಬಸಾಲ್ಟ್ ಹಾಸು. ಅದು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೆ ಇದೆಯೇ ಹೊರತು ದಕ್ಷಿಣ ಕನ್ನಡದಲ್ಲಿಲ್ಲ. ಇಲ್ಲಿ ಕೆಳಗಿರುವುದು ಅದಕ್ಕಿಂತ ಎಷ್ಟೋ ಪಾಲು ಹಳೆಯ ನೈಸ್ ಶಿಲೆ, ಮೇಲಿರುವುದು ಮುರಕಲ್ಲು. ಆದರೆ ಮುರಕಲ್ಲನ್ನು ‘ಬರೀ’ ಎನ್ನುವುದನ್ನು ಒಪ್ಪಲಾಗದು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್ 1807ರ ತನ್ನ ಪುಸ್ತಕದಲ್ಲಿ ಕೇರಳದ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದಲ್ಲಿದ್ದಾಗ ಕಬ್ಬಿಣದ ಹತಾರದಿಂದ ಕಡಿಯುವಷ್ಟು ಮೆತ್ತಗಿದ್ದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಅದರ ಗುಣ ಅವನ ಕಣ್ಣಿಗೆ ಬಿದ್ದಿತ್ತು. ಜಗತ್ತಿನ ಎಲ್ಲ ಉಷ್ಣವಲಯಗಳ ಭೂವಿಜ್ಞಾನಿಗಳು ಬಳಸುವ ಹೆಸರು ಹುಟ್ಟಿದ್ದು ನಮ್ಮ ಇದೇ ಪಶ್ಚಿಮ ಕರಾವಳಿಯ ಕಲ್ಲಿನಿಂದ. ಆ ಅಂಗಾಡಿಪುರಂನ ಮುರಕಲ್ಲು, ಸೈಂಟ್ ಮೇರೀಸ್‌ನ ಕಂಬಗಳು, ಬೆಂಗಳೂರು ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಇವೆಲ್ಲ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಇವುಗಳಲ್ಲಿ ಒಂದರಲ್ಲೂ ಮಿನುಗುವ ಹರಳಿಲ್ಲ ಎಂಬುದನ್ನು ಗಮನಿಸಿ.

ಈಗ ಹೊಸದಾಗಿ ಒಡೆದ ಒಂದು ಮುರಕಲ್ಲಿನ ಚೂರನ್ನು ಬೆಳಕಿಗೆ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಹುಳು ಕೊರೆದಂಥ ಬಿಲಗಳು ಒಂದರೊಳಗೊಂದು ಹೊಕ್ಕು ಹೊರಟಿರುತ್ತವೆ. ಬಿಲದ ಗೋಡೆಗೆ ಅರಸಿನಪುಡಿ ಬಳಿದಂಥ ಹಳದಿ ಲೇಪ: ಅದು ಗೋಯಥೈಟ್, ಕಬ್ಬಿಣ ನೀರಿನ ಜತೆ ಸೇರಿದ ಖನಿಜ. ಬಿಲಗಳ ನಡುವಿನ ಗಟ್ಟಿ ಭಾಗ ಒಣಗಿದ ಪುನರ್ಪುಳಿ ಸಿಪ್ಪೆಯ ಬಣ್ಣದ್ದು: ಅದು ಹೆಮಟೈಟ್. ಕೆಲವು ಬಿಲಗಳಲ್ಲಿ ಬೆರಳಿಗೆ ಹಿಟ್ಟಿನಂತೆ ಅಂಟುವ ಬಿಳಿ ಮಣ್ಣು: ಅದು ಕೆಯೋಲಿನ್. ಒಂದೇ ಚೂರಿನಲ್ಲಿ ಮೂರು ಖನಿಜ, ಮೂರಕ್ಕೂ ಕಾರಣ ಒಂದೇ, ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆ ಲಕ್ಷಾಂತರ ವರ್ಷ ಬಂಡೆಯೊಳಗಿನ ಸಿಲಿಕಾವನ್ನು ಕರಗಿಸಿ ಒಯ್ದು, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅನ್ನು ಬಿಟ್ಟುಹೋದದ್ದೇ ಮುರಕಲ್ಲು. ಬಾವಿ ತೋಡುವಾಗ ಮೇಲಿನ ಗಟ್ಟಿ ಪದರ ದಾಟಿದ ಮೇಲೆ ಸಿಗುವ ಮೆತ್ತನೆಯ ಶೇಡಿಮಣ್ಣು ಇದೇ ಕತೆಯ ಕೆಳಗಿನ ಪುಟ. ನೀರು ಕುಡಿದರೆ ಬಲ ಕಳೆದುಕೊಳ್ಳುವ ಈ ಮಣ್ಣನ್ನು ಸುರತ್ಕಲ್‌ನ ಎನ್‌ಐಟಿಕೆಯ ಇಂಜಿನಿಯರುಗಳು ಅದೇ ‘ಶೇಡಿ’ ಎಂಬ ಹೆಸರಿನಿಂದಲೇ ಅಭ್ಯಾಸ ಮಾಡಿದ್ದಾರೆ. ಗುಡ್ಡ ಕಡಿದಲ್ಲಿ ಮಳೆಗಾಲಕ್ಕೆ ಧರೆ ಕುಸಿಯುವುದರಲ್ಲಿ ಇದರ ಪಾತ್ರ ದೊಡ್ಡದು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಯಿಂದ 1865ರಲ್ಲಿ ಜೆಪ್ಪುವಿನ ಬಾಸೆಲ್ ಮಿಷನ್ ಕಾರ್ಖಾನೆ ಹಂಚು ಸುಡಲು ಹೊರಟಿತು. ಗೂಡಿನ ಶಾಖಕ್ಕೆ ಜೇಡಿಯೊಳಗಿನ ಕಬ್ಬಿಣ ಹೆಮಟೈಟ್ ಆಗುವುದರಿಂದಲೇ ಮಂಗಳೂರು ಹಂಚು ಕೆಂಪು. ನೆಲದ ಕಲ್ಲಿನಿಂದ ಮಾಡಿನ ಹಂಚಿನವರೆಗೆ ಒಂದೇ ಖನಿಜ ಕಾಣಿಸುವ ಊರಿನಲ್ಲಿ ಕೂಡಿಡಲು ಏನಿದೆ ಎಂದು ಕೇಳುವಂತಿಲ್ಲ.

ಗುರುತು ಹಿಡಿಯಲು ದೊಡ್ಡ ಸಲಕರಣೆ ಬೇಡ. ಬಚ್ಚಲುಮನೆಯ ಬಿಳಿ ಟೈಲ್ಸ್‌ನ ಒಂದು ತುಂಡಿದ್ದರೆ ಅದರ ಹೊಳಪಿಲ್ಲದ ಹಿಂಬದಿಗೆ ಕಲ್ಲನ್ನು ಉಜ್ಜಿ. ಹೊರಗೆ ಕಪ್ಪಗೆ, ಉಕ್ಕಿನಂತೆ ಕಂಡರೂ ಗೆರೆ ಕೆಂಪಾಗಿ ಬಂದರೆ ಹೆಮಟೈಟ್, ಹಳದಿಯಾಗಿ ಬಂದರೆ ಗೋಯಥೈಟ್, ಕಪ್ಪಾಗಿ ಬಂದು ಅಯಸ್ಕಾಂತಕ್ಕೂ ಅಂಟಿದರೆ ಮ್ಯಾಗ್ನೆಟೈಟ್. ಗಟ್ಟಿತನಕ್ಕೆ ಫ್ರೀಡ್ರಿಕ್ ಮೋಸ್ 1812ರಲ್ಲಿ ಹಾಕಿಕೊಟ್ಟ ಒಂದರಿಂದ ಹತ್ತರ ಅಳತೆ ಇವತ್ತಿಗೂ ಸಾಕು. ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಕಲ್ಲು ಮೊದಲ ಮೆಟ್ಟಿಲಿನದು. ಉಗುರಿನ ಗಟ್ಟಿತನ ಎರಡೂವರೆ, ಕಿಟಕಿ ಗಾಜಿನದು ಐದೂವರೆ, ಸ್ಫಟಿಕದ್ದು ಏಳು. ಉಗುರಿಗೆ ಗೀರು ಬೀಳುವ ಹರಳು ಜಿಪ್ಸಂ ಇರಬಹುದು. ಗಾಜನ್ನು ಗೀರುವ ಬಿಳಿ ಹರಳು ಸ್ಫಟಿಕ ಇರಬಹುದು. ಗಾಜನ್ನು ಗೀರದೆ, ಪುಡಿಯ ಮೇಲೆ ವಿನೆಗರ್ ಹನಿಸಿದರೆ ನೊರೆಯೇಳುವುದು ಕ್ಯಾಲ್ಸೈಟ್. ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಡಲ ಬದಿಯ ಹೊಯಿಗೆಯಲ್ಲಿ, ಕಪ್ಪು ಗೆರೆ ಕಾಣುವ ಕಡೆ ಆಡಿಸಿದರೆ ಮೀಸೆಯಂತೆ ನಿಮಿರಿ ಅಂಟುವ ಕಣಗಳು ಮ್ಯಾಗ್ನೆಟೈಟ್. ಕವರನ್ನು ಹಿಂದಕ್ಕೆ ತಿರುಗಿಸಿ ಎಳೆದರೆ ಅವು ತಾವಾಗಿಯೇ ಉದುರುತ್ತವೆ. ಅದೇ ಖನಿಜ ಸ್ಫಟಿಕದ ಜತೆ ಪಟ್ಟೆಪಟ್ಟೆಯಾಗಿ ತುಂಬಿದ್ದ ಕುದುರೆಮುಖದ ಗುಡ್ಡದಿಂದ ಅದಿರು ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿದುಬರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಚಮಚದಷ್ಟು ಕಪ್ಪು ಹೊಯಿಗೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಆ ಊರು, ಆ ಬಂದರು, ಆ ಮೊಕದ್ದಮೆ ಮೂರೂ ಹತ್ತಿರದವಾಗುತ್ತವೆ.

ಕೂಡಿಡುವ ಕ್ರಮದಲ್ಲಿ ನಾನು ಒತ್ತಿ ಹೇಳುವುದು ಚೀಟಿಯ ಬಗ್ಗೆ. ಕಲ್ಲಿನ ಹೆಸರು ಗೊತ್ತಿಲ್ಲದಿದ್ದರೆ ಬಿಡಿ, ಅದನ್ನು ಹತ್ತು ವರ್ಷ ಬಿಟ್ಟೂ ಪತ್ತೆ ಮಾಡಬಹುದು. ಸಿಕ್ಕ ಜಾಗವನ್ನು ಅವತ್ತೇ ಬರೆಯದಿದ್ದರೆ ಮತ್ತೆ ಯಾವ ಪ್ರಯೋಗಾಲಯವೂ ಹೇಳಿಕೊಡಲಾರದು. ‘ಮುರಕಲ್ಲು, ಬೋಂದೆಲ್, ಹೊಸ ಬಾವಿಯ ರಾಶಿಯಿಂದ, 20 ಅಡಿ ಆಳ’ ಎಂದು ಬರೆದು, ದಿನಾಂಕ ಮತ್ತು ಕೊಟ್ಟವರ ಹೆಸರು ಸೇರಿಸಿದರೆ ಆಯಿತು. ಚೀಟಿ ಬೇರೆ, ಕಲ್ಲು ಬೇರೆ ಆಗುವುದು ಎಲ್ಲ ಸಂಗ್ರಹಗಳ ಹಳೆಯ ರೋಗ. ಅದಕ್ಕೆ ಕಲ್ಲಿನ ಕಾಣದ ಬದಿಯಲ್ಲಿ ವೈಟ್‌ನರಿನ ಒಂದು ಬೊಟ್ಟಿಟ್ಟು, ಒಣಗಿದ ಮೇಲೆ ಸಂಖ್ಯೆ ಬರೆದು, ಅದೇ ಸಂಖ್ಯೆಯನ್ನು ಪುಸ್ತಕದಲ್ಲೂ ನಮೂದಿಸಬೇಕು. ಇಡಲು ಮೊಟ್ಟೆಯ ಟ್ರೇ, ಸ್ವೀಟ್ ಬಾಕ್ಸ್ ಧಾರಾಳ ಸಾಕು. ನಮ್ಮೂರಿನ ವಿಶೇಷ ತೊಂದರೆ ಮಳೆಗಾಲದ ತೇವ. ಚಿನ್ನದಂತೆ ಹೊಳೆಯುವ ಪೈರೈಟ್ ಗಾಳಿಯ ತೇವ ಶೇಕಡಾ 60 ದಾಟಿದರೆ ಕೆಡತೊಡಗಿ, ಗಂಧಕಾಮ್ಲ ಬಿಟ್ಟು, ಪಕ್ಕದ ಕಲ್ಲನ್ನೂ ಚೀಟಿಯನ್ನೂ ತಿನ್ನುತ್ತದೆ. ಆಟಿ ತಿಂಗಳಲ್ಲಿ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆಗೇ ಇಡಬೇಕು. ಉಪ್ಪಿನ ಕಲ್ಲಿನ ದೀಪ ಇಲ್ಲಿ ಜೂನ್ ಬಂದರೆ ಬೆವರಿ ನೀರಾಗುತ್ತದೆ. ಅದಕ್ಕೆ ‘ಹಿಮಾಲಯದ್ದು’ ಎಂದು ಹೆಸರು, ಕಲ್ಲು ಬರುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯಿಂದ. ಅಮೆಥಿಸ್ಟನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಬಣ್ಣ ಮಾಸುತ್ತದೆ.

ಹಾಗಾದರೆ ಕೊಳ್ಳುವುದೇ ತಪ್ಪೇ ಎಂದರೆ, ಅಲ್ಲ. ಬ್ರೆಜಿಲ್, ಉರುಗ್ವೆಯ ಅಮೆಥಿಸ್ಟ್ ಜಿಯೋಡನ್ನು ಇಲ್ಲಿ ಕೂತು ಹೆಕ್ಕಲಾಗದು. ಆದರೆ ಅಂಗಡಿಯವರನ್ನು ಬೆಲೆಗಿಂತ ಮೊದಲು ಊರು ಕೇಳಿ. ‘ಸಿಟ್ರಿನ್’ ಎಂದು ಮಾರುವ ಗಾಢ ಕಿತ್ತಳೆ ಹರಳಿನ ಬಹುಪಾಲು ಅಮೆಥಿಸ್ಟನ್ನೇ ಕಾಯಿಸಿ ಮಾಡಿದ್ದು. ‘ಓಪಲೈಟ್’, ಮಿನುಗುವ ‘ಗೋಲ್ಡ್‌ಸ್ಟೋನ್’ ಎರಡೂ ಗಾಜು. ಕಣ್ಣು ಕುಕ್ಕುವ ಗುಲಾಬಿ, ನೀಲಿ ಅಗೇಟ್ ಬಿಲ್ಲೆಗೆ ಬಣ್ಣ ಹಾಕಿರುತ್ತಾರೆ. ಅಗ್ಗದ ‘ಟರ್ಕಾಯಿಸ್’ ಎಷ್ಟೋ ಸಲ ಬಣ್ಣ ಹೀರಿದ ಹೌಲೈಟ್. ಸ್ಫಟಿಕದ ಮಣಿಸರದಲ್ಲಿ ಭೂತಗನ್ನಡಿಗೆ ಉರುಟು ಗಾಳಿಗುಳ್ಳೆ ಕಂಡರೆ ಅದು ಗಾಜೇ; ನಿಜವಾದದ್ದು ಅಂಗೈಗೆ ತಣ್ಣಗೆ ತಾಗಿ ಹೆಚ್ಚು ಹೊತ್ತು ತಣ್ಣಗೇ ಇರುತ್ತದೆ. ಹತ್ತಿರದ್ದೇ ಬೇಕೆಂದರೆ ಮಹಾರಾಷ್ಟ್ರದ ಜಲಗಾಂವ್, ನಾಸಿಕ್, ಪುಣೆ ಸುತ್ತಲಿನ ಝಿಯೋಲೈಟ್ ಮತ್ತು ಅದರ ಜತೆ ಸಿಗುವ ಹರಳುಗಳಿವೆ: ಪೀಚ್ ಬಣ್ಣದ ಸ್ಟಿಲ್ಬೈಟ್, ನೀರಿನಷ್ಟು ತಿಳಿಯಾದ ಅಪೊಫಿಲೈಟ್, ಪುಣೆ ಬಳಿಯ ವಾಘೋಲಿಯ ಕಡುನೀಲಿ ಕಾವನ್ಸೈಟ್. ನಾಸಿಕ್ ಸಮೀಪದ ಸಿನ್ನರ್‌ನ ಗಾರ್ಗೋಟಿ ಸಂಗ್ರಹಾಲಯದಲ್ಲಿ ಇವುಗಳ ಒಳ್ಳೆಯ ಮಾದರಿಗಳಿವೆ. ಮಂಗಳೂರಿನಿಂದ ಮುಂಬೈಗೆ ಕೊಂಕಣ ರೈಲಿನಲ್ಲಿ ಹೋಗುವವರು ಮಹಾರಾಷ್ಟ್ರದಲ್ಲಿ ದಾಟುವ ಕಪ್ಪು ಬಂಡೆಯ ಹಾಸು ಇವುಗಳ ತವರುಮನೆ.

ಗುಣಪಡಿಸುತ್ತದೆ, ದುಡ್ಡು ತರುತ್ತದೆ ಎಂದು ಹರಳು ಕೊಳ್ಳುವವರಿಗೆ ಒಂದು ಮಾತು. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಕ್ರಿಸ್ಟೋಫರ್ ಫ್ರೆಂಚ್ ಮತ್ತು ಸಂಗಡಿಗರು 2001ರಲ್ಲಿ 80 ಮಂದಿಯ ಮೇಲೆ ಪರೀಕ್ಷೆ ಮಾಡಿದರು; ನಿಜವಾದ ಹರಳು ಹಿಡಿದವರಿಗೂ ನಕಲಿ ಹಿಡಿದವರಿಗೂ ಆದ ಅನುಭವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪೂಜೆಯ ಶ್ರದ್ಧೆ ಬೇರೆ, ಅದರ ತಂಟೆಗೆ ಈ ಲೇಖನ ಹೋಗುವುದಿಲ್ಲ. ಆದರೆ ಔಷಧದ ಬದಲಿಗೆ ಕಲ್ಲನ್ನು ನಂಬಬೇಡಿ. ಕುಡಿಯುವ ನೀರಿಗೆ ಹರಳು ಹಾಕಿಡುವ ರೂಢಿಯಂತೂ ಅಪಾಯದ್ದು: ಮ್ಯಾಲಕೈಟ್‌ನಲ್ಲಿ ತಾಮ್ರವಿದೆ, ಗಲೀನಾದಲ್ಲಿ ಸೀಸವಿದೆ, ಸಿನಬಾರ್‌ನಲ್ಲಿ ಪಾದರಸವಿದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಲ್ಲು ಕೂಡಿಡುವುದೆಂದರೆ ನೆಲವನ್ನು ದೋಚುವುದಲ್ಲವೇ? ಈ ಜಿಲ್ಲೆಯವರು ಹೀಗೆ ಕೇಳಲು ಕಾರಣವೂ ಇದೆ. ಸುಳ್ಯ–ಕೊಡಗು ಗಡಿಯ ಕೂಜಿಮಲೆ, ಭಾಗಮಂಡಲ ಕಡೆಯ ನಿಶಾನಿಮೊಟ್ಟೆ ಎಂಬ ಹೆಸರುಗಳು ಕಾಡಿನೊಳಗಿನ ಅಕ್ರಮ ಹರಳುಕಲ್ಲು ಅಗೆತದ ಸುದ್ದಿಯ ಜತೆಗೇ ನಮ್ಮ ಕಿವಿಗೆ ಬಿದ್ದಿವೆ. ಕೆಂಪು ಹರಳಿನ ಆಸೆಗೆ ಮಳೆಕಾಡಿನ ಬೇರು ಕಿತ್ತು ಸುರಂಗ ತೋಡುವುದನ್ನು ಯಾವ ಹವ್ಯಾಸದ ಹೆಸರಿನಲ್ಲೂ ಸಮರ್ಥಿಸಲಾಗದು. ಆದರೆ ಆ ದಂಧೆ ನಡೆಯುವುದೇ ಕಲ್ಲಿನ ಊರು ಮುಚ್ಚಿಡುವುದರಿಂದ. ಕೊಳ್ಳುವವರು ಊರು ಕೇಳದಿದ್ದರೆ ಮಾರುವವರು ಹೇಳುವುದಿಲ್ಲ. ವಿಳಾಸ ಹೇಳಲಾಗದ ಕೆಂಪು ಹರಳನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟದಿರುವುದು ಸಂಗ್ರಾಹಕರ ಕರ್ತವ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಕಾಡಿನ ಕಲ್ಲು, ಖನಿಜವೂ ಅರಣ್ಯ ಉತ್ಪನ್ನವೇ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದಾಗಲಿ, ಸೈಂಟ್ ಮೇರೀಸ್ ದ್ವೀಪದಿಂದಾಗಲಿ ಹರಳೆಣ್ಣೆ ಬೀಜದಷ್ಟು ಚೂರನ್ನೂ ತರಬಾರದು, ಫೋಟೋ ತನ್ನಿ. ದಿಬ್ಬ ಕಟ್ಟುವ ಹವಳವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಪಾಡುತ್ತದೆ, ಅದನ್ನು ಕೊಳ್ಳುವುದೂ ಅಪರಾಧ. ಇದರ ಆಚೆಗೆ, ಹೇಗೂ ಪುಡಿಯಾಗಲಿರುವ ಕಲ್ಲುಗಳಿವೆ. ಮಹಾರಾಷ್ಟ್ರದ ಹರಳುಗಳು ಹೆಚ್ಚಾಗಿ ಸಿಗುವುದು ಜಲ್ಲಿ ಕೋರೆಗಳಲ್ಲಿ, ಬಾವಿ ತೋಡುವಲ್ಲಿ; ಯಾರೂ ಹೆಕ್ಕದಿದ್ದರೆ ಕ್ರಷರಿಗೇ ಹೋಗುವಂಥವು. ನಮ್ಮಲ್ಲೂ ಮನೆಯ ಪಂಚಾಂಗ ತೆಗೆದ ರಾಶಿ, ಹೊಸ ಬಾವಿಯ ಮಣ್ಣು, ಲಾರಿಯಿಂದ ಇಳಿಸಿದ ಜಲ್ಲಿ ಇವೇ ಹೆಕ್ಕುವ ಜಾಗಗಳು. ಮಾಲಿಕರನ್ನು ಕೇಳಿ ಒಂದು ಚೂರು ತೆಗೆದುಕೊಂಡರೆ ಯಾರಿಗೂ ನಷ್ಟವಿಲ್ಲ.

ಹೀಗೆ ಕೂಡಿದ್ದಕ್ಕೆ ಮುಂದೆ ಬೆಲೆ ಬರುತ್ತದೆಯೇ ಎಂದು ಕೇಳಿದರೆ, ಮಾರುವ ಬೆಲೆ ಬರಲಿಕ್ಕಿಲ್ಲ, ಬೇರೊಂದು ಬೆಲೆ ಖಂಡಿತ ಬರುತ್ತದೆ. ಮಂಗಳೂರಿನ ಸೈಂಟ್ ಅಲೋಶಿಯಸ್ ಕಾಲೇಜಿನ ಅಲೋಶಿಯಂ ಮ್ಯೂಸಿಯಂ 1913ರಲ್ಲಿ ಶುರುವಾದದ್ದು ಇಟಲಿಯ ಜೆಸ್ವಿಟ್ ಪಾದ್ರಿ ಕಿಯಾಪ್ಪಿಯವರು ಕೊಟ್ಟ ಸಂಗ್ರಹದಿಂದ. ಅದರಲ್ಲಿ ಖನಿಜಗಳೂ ಇದ್ದವು. ಒಬ್ಬರ ಪೆಟ್ಟಿಗೆ ಊರಿನ ವಸ್ತುಸಂಗ್ರಹಾಲಯವಾಗಬಲ್ಲದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನದ ವಿಭಾಗವೇ ಇದೆ. ಗುರುತು ಸಿಗದ ಕಲ್ಲನ್ನು ಅಂಥವರಿಗೆ ತೋರಿಸುವಾಗ ಅವರು ಮೊದಲು ಕೇಳುವುದು ಸಿಕ್ಕಿದ್ದು ಎಲ್ಲಿ ಎಂದೇ.

ಈ ಭಾನುವಾರ ಮನೆಯ ಕಪಾಟನ್ನೊಮ್ಮೆ ತೆರೆದು ನೋಡಿ. ಕೊಲ್ಲಿಯಲ್ಲಿ ದುಡಿದು ಬಂದ ದೊಡ್ಡಪ್ಪನೋ ಚಿಕ್ಕಪ್ಪನೋ ತಂದ ಮರುಭೂಮಿ ಗುಲಾಬಿ ಅಲ್ಲಿರಬಹುದು: ಜಿಪ್ಸಂ ಹರಳುಗಳು ಮರಳನ್ನು ನುಂಗಿ ಹೂವಿನ ದಳದಂತೆ ಅರಳಿದ್ದು. ಕತಾರಿನವರು 2019ರಲ್ಲಿ ತೆರೆದ ತಮ್ಮ ರಾಷ್ಟ್ರೀಯ ಮ್ಯೂಸಿಯಮ್ಮಿನ ಕಟ್ಟಡವನ್ನು ಅದೇ ಆಕಾರದಲ್ಲಿ ಕಟ್ಟಿಸಿದ್ದಾರೆ. ನಿಮ್ಮ ಮನೆಯದು ಕತಾರಿನದೋ ಸೌದಿಯದೋ ಅಬುಧಾಬಿಯದೋ, ಯಾವ ವರ್ಷದ್ದೋ, ತಂದವರಿಗೆ ಮಾತ್ರ ಗೊತ್ತು. ಅವರಿಗೆ ಫೋನು ಮಾಡಿ ಕೇಳಿ, ಒಂದು ಚೀಟಿಯಲ್ಲಿ ಬರೆದು ಕಲ್ಲಿನ ಕೆಳಗಿಡಿ.